ಆಟದ ಮೈದಾನದ ಸುರಕ್ಷತೆ: ಪರೀಕ್ಷಿಸುವ ಮತ್ತು ದೂರು ನೀಡುವ ಕ್ರಮ

ಮಗುವಿನ ಬೆಳವಣಿಗೆಗೆ ಪೌಷ್ಟಿಕ ಆಹಾರ, ಶುದ್ಧವಾದ ನೀರು, ಕಾಲಕಾಲಕ್ಕೆ ಲಸಿಕೆ ಇವು ಎಷ್ಟು ಅವಶ್ಯಕವೋ ಆಟವೂ ಅಷ್ಟೇ ಅವಶ್ಯಕ. ಓಡುವುದು, ಹತ್ತುವುದು, ಜೀಕುವುದು, ಜಾರುವುದು ಇವುಗಳಿಂದ ಮೂಳೆಗಳು ಗಟ್ಟಿಯಾಗುತ್ತವೆ; ಮಾಂಸಖಂಡಗಳು ಬಲಗೊಳ್ಳುತ್ತವೆ; ಇತರರೊಡನೆ ಹೊಂದಿಕೊಂಡು ಬಾಳುವುದನ್ನು ಮಗು ಕಲಿಯುತ್ತದೆ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಆಟವನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಭಾರತವು 1992ರಲ್ಲಿ ಆ ಒಡಂಬಡಿಕೆಗೆ ಸೇರಿದೆ.

ಆದರೆ ಆಟಕ್ಕೆಂದು ಕಳುಹಿಸಿದ ಮಗು ಗಾಯಗೊಂಡು ಮರಳಿದರೆ ಅಥವಾ ಮರಳದೆಯೇ ಹೋದರೆ ಆ ಕುಟುಂಬದ ಗತಿಯೇನು? 2024ರ ಸೆಪ್ಟೆಂಬರ್ ತಿಂಗಳಿನಲ್ಲಿ ಇದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ, ಪಾಲಿಕೆಗೆ ಸೇರಿದ ಆಟದ ಮೈದಾನವೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಶಾಲಾ ಬಾಲಕನೊಬ್ಬನು ಮೃತಪಟ್ಟನು. ಅವನು ಎತ್ತರದಿಂದ ಬೀಳಲಿಲ್ಲ, ಉಯ್ಯಾಲೆಯಿಂದ ಜಾರಲಿಲ್ಲ. ಮೈದಾನದ ಬಾಗಿಲೇ ಅವನಿಗೆ ಮೃತ್ಯುವಾಯಿತು.

ಇಂತಹ ಸುದ್ದಿ ಕೇಳಿದಾಗ "ಹಣೆಯ ಬರಹ" ಎಂದು ನಿಟ್ಟುಸಿರಿಡುವುದು ನಮ್ಮಲ್ಲಿ ವಾಡಿಕೆ. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಕಬ್ಬಿಣವು ಒಂದೇ ದಿನದಲ್ಲಿ ತುಕ್ಕು ಹಿಡಿಯುವುದಿಲ್ಲ. ಉಯ್ಯಾಲೆಯ ಕೊಂಡಿಯು ಒಂದೇ ದಿನದಲ್ಲಿ ಸವೆಯುವುದಿಲ್ಲ. ಅಪಘಾತಕ್ಕೆ ವಾರಗಳು, ತಿಂಗಳುಗಳು ಮೊದಲೇ ಅದರ ಕಾರಣವು ಕಣ್ಣಿಗೆ ಕಾಣುವಂತೆ ಅಲ್ಲಿಯೇ ಇರುತ್ತದೆ. ಅದನ್ನು ಕಂಡವರು ಹಲವರಿದ್ದರೂ ತಿಳಿಸಬೇಕಾದವರಿಗೆ ತಿಳಿಸಿದವರು ಇರುವುದಿಲ್ಲ. ಸಿಡುಬನ್ನು ಲಸಿಕೆಯಿಂದ ತಡೆದಂತೆ ಮೈದಾನದ ಗಾಯಗಳನ್ನೂ ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದ ಸಾಧನಗಳು ಎರಡೇ: ತಿಂಗಳಿಗೊಮ್ಮೆ ಮಾಡುವ ಪರೀಕ್ಷೆ, ಮತ್ತು ಬರವಣಿಗೆಯಲ್ಲಿ ಕೊಡುವ ದೂರು.

ಮೈದಾನ ಯಾರಿಗೆ ಸೇರಿದ್ದು?

ದಂಡು ಪ್ರದೇಶ ಹಾಗೂ ಅದರ ಪೂರ್ವಕ್ಕಿರುವ ಬಡಾವಣೆಗಳ ನಿವಾಸಿಗಳಿಗೆ ಮೊದಲು ಎದುರಾಗುವ ತೊಡಕೆಂದರೆ ದೂರನ್ನು ಯಾರಿಗೆ ಕೊಡಬೇಕೆಂಬುದು. ಇದಕ್ಕೆ ಈ ಭಾಗದ ಚರಿತ್ರೆಯೇ ಕಾರಣ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶಕ್ಕೂ ಹಳೆಯ ಪೇಟೆಗೂ ಬಹುಕಾಲ ಬೇರೆ ಬೇರೆ ಪುರಸಭೆಗಳಿದ್ದವು. 1949ರಲ್ಲಿ ಅವೆರಡೂ ಕೂಡಿ ಒಂದೇ ಪಾಲಿಕೆಯಾಯಿತು. ಕೃಷ್ಣರಾಜಪುರವು 2007ರವರೆಗೂ ಪ್ರತ್ಯೇಕ ನಗರಸಭೆಯಾಗಿದ್ದು, ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಅಧೀನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಈಗ ಶಿವಾಜಿನಗರ, ಹಲಸೂರು, ಇಂದಿರಾನಗರಗಳು ಬೆಂಗಳೂರು ಕೇಂದ್ರ ನಗರ ಪಾಲಿಕೆಗೂ, ಕೃಷ್ಣರಾಜಪುರವು ಬೆಂಗಳೂರು ಪೂರ್ವ ನಗರ ಪಾಲಿಕೆಗೂ ಸೇರಿವೆ. ಹಳೆಯ ಫಲಕಗಳಲ್ಲಿ ಹಳೆಯ ಸಂಸ್ಥೆಯ ಹೆಸರೇ ಇದ್ದರೆ ಅದರಿಂದ ಗೊಂದಲಪಡಬೇಕಾಗಿಲ್ಲ.

ಇದರ ಮೇಲೆ, ಮಕ್ಕಳು ಆಡುವ ಜಾಗಗಳೆಲ್ಲವೂ ಪಾಲಿಕೆಯ ಸ್ವತ್ತಲ್ಲ. ಶಿವಾಜಿನಗರದ ಮಕ್ಕಳು ಭಾನುವಾರ ಹೋಗುವ ಕಬ್ಬನ್ ಉದ್ಯಾನವು ರಾಜ್ಯ ತೋಟಗಾರಿಕೆ ಇಲಾಖೆಯದು. ಹಲಸೂರು ಕೆರೆಯ ಸುತ್ತಮುತ್ತ ಸೇನೆಗೆ ಸೇರಿದ ಜಮೀನು ಬಹಳಷ್ಟಿದೆ. ಕೆಲವು ಮೈದಾನಗಳು ಶಾಲೆಗಳಿಗೆ, ದತ್ತಿ ಸಂಸ್ಥೆಗಳಿಗೆ, ದೇವಾಲಯ, ಮಸೀದಿ, ಚರ್ಚುಗಳಿಗೆ ಸೇರಿವೆ. ಹೊಸ ಬಡಾವಣೆಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವು ಪಾಲಿಕೆಗೆ ಇನ್ನೂ ಹಸ್ತಾಂತರಿಸದ ಉದ್ಯಾನಗಳಿರಬಹುದು. ಆದ್ದರಿಂದ ಮೊಟ್ಟಮೊದಲು ಗೇಟಿನ ಬಳಿಯ ಫಲಕವನ್ನು ಓದಿ. ಅಲ್ಲಿ ತಿಳಿಯದಿದ್ದರೆ ಮಾಲಿಯನ್ನೋ ಕಾವಲುಗಾರನನ್ನೋ ಕೇಳಿ, ಮೈದಾನ ಯಾರದೆಂಬುದನ್ನು ಬರೆದಿಟ್ಟುಕೊಳ್ಳಿ.

ಗಾಯವಾಗುವುದು ಹೇಗೆ?

ಮೈದಾನದ ಗಾಯಗಳಲ್ಲಿ ಹೆಚ್ಚಿನವು ಬೀಳುವುದರಿಂದ ಆಗುತ್ತವೆ. ಮಗು ಬೀಳುವುದು ಸಹಜ. ಬೀಳದೆ ಯಾವ ಮಗುವೂ ಬೆಳೆದಿಲ್ಲ. ಎಷ್ಟು ಎತ್ತರದಿಂದ ಬಿದ್ದಿತು, ಯಾವುದರ ಮೇಲೆ ಬಿದ್ದಿತು ಎಂಬ ಎರಡು ಸಂಗತಿಗಳಿಂದಲೇ ಗಾಯದ ತೀವ್ರತೆಯು ನಿರ್ಧಾರವಾಗುತ್ತದೆ.

ಆರು ಅಡಿ ಎತ್ತರದಿಂದ ಬಿದ್ದ ಮಗು ನೆಲವನ್ನು ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 21 ಕಿಲೋಮೀಟರಿನಷ್ಟಿರುತ್ತದೆ. ಈ ವೇಗವು ನೆಲಕ್ಕೆ ತಾಗಿದೊಡನೆ ಶೂನ್ಯವಾಗಬೇಕು. ನೆಲ ಸಿಮೆಂಟಿನದಾದರೆ ತಲೆಯು ಕೆಲವೇ ಮಿಲಿಮೀಟರುಗಳಷ್ಟು ದೂರದಲ್ಲಿ ನಿಂತುಬಿಡುತ್ತದೆ. ಅಷ್ಟೂ ಹೊಡೆತವನ್ನು ತಲೆಬುರುಡೆಯೇ ತಾಳಬೇಕಾಗುತ್ತದೆ. ಸಡಿಲವಾದ ಮರಳಿನ ಮೇಲೆ ಬಿದ್ದರೆ ಮರಳು ಸರಿದು ದಾರಿ ಕೊಡುತ್ತದೆ. ನಿಲ್ಲುವ ದೂರವು ಹತ್ತು ಪಟ್ಟಾದರೆ ಹೊಡೆತದ ಸರಾಸರಿ ಬಲವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತಿಯ ಮೂಟೆಯ ಮೇಲೆ ಬಿದ್ದ ತೆಂಗಿನಕಾಯಿ ಒಡೆಯುವುದಿಲ್ಲ, ಚಪ್ಪಡಿಯ ಮೇಲೆ ಬಿದ್ದದ್ದು ಒಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಆದರೂ ನಮ್ಮ ಎಷ್ಟೋ ಉದ್ಯಾನಗಳಲ್ಲಿ ಉಯ್ಯಾಲೆಯ ಕೆಳಗೆ ಸಿಮೆಂಟಿನ ಇಟ್ಟಿಗೆಗಳನ್ನು ಹಾಸಿ ಅಂದಗೊಳಿಸಲಾಗಿದೆ. ಅಂದಕ್ಕಾಗಿ ಹಾಸಿದ ಆ ನೆಲವೇ ಅಲ್ಲಿನ ಅತಿ ದೊಡ್ಡ ಅಪಾಯ.

ಪರೀಕ್ಷಿಸುವ ಕ್ರಮ

ಈ ಕೆಲಸಕ್ಕೆ ಇಂಜಿನಿಯರರೇ ಆಗಬೇಕೆಂದಿಲ್ಲ. ಒಂದು ಅಳತೆಯ ಟೇಪು, ಒಂದು ನೋಟ್ ಪುಸ್ತಕ, ಚಿತ್ರ ತೆಗೆಯಲು ಒಂದು ಮೊಬೈಲ್ ಫೋನು ಇದ್ದರೆ ಸಾಕು. ಬೀದಿಯ ಇಬ್ಬರು ತಾಯಂದಿರೋ, ನಿವೃತ್ತರಾದ ಹಿರಿಯರೋ ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಇದನ್ನು ಮುಗಿಸಬಹುದು. ಜೋರಾದ ಗಾಳಿ ಮಳೆಯ ಮಾರನೆಯ ದಿನ ಇನ್ನೊಮ್ಮೆ ನೋಡುವುದು ಒಳ್ಳೆಯದು. ಕೆಳಗಿನ ಅಳತೆಗಳಲ್ಲಿ ಹೆಚ್ಚಿನವು, ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗವು 1981ರಲ್ಲಿ ಮೊದಲು ಪ್ರಕಟಿಸಿ ಆಗಾಗ ಪರಿಷ್ಕರಿಸುತ್ತ ಬಂದಿರುವ ಕೈಪಿಡಿಯಲ್ಲಿರುವಂಥವು. ಮಕ್ಕಳ ದೇಹದ ಅಳತೆಯನ್ನು ಆಧರಿಸಿದವಾದ್ದರಿಂದ ನಮಗೂ ಉಪಯುಕ್ತವಾಗಿವೆ.

1. ಗೇಟು ಮತ್ತು ಗೋಡೆ: ಮಲ್ಲೇಶ್ವರದ ದುರಂತವನ್ನು ನೆನೆದು ಪರೀಕ್ಷೆಯನ್ನು ಇಲ್ಲಿಂದಲೇ ಆರಂಭಿಸಬೇಕು. ಗೇಟು ಕಂಬಕ್ಕೆ ಸೇರುವ ಕೀಲುಗಳು ತುಕ್ಕು ಹಿಡಿದಿವೆಯೆ? ಬೆಸುಗೆ ಬಿಟ್ಟಿದೆಯೆ? ಗೇಟು ಒಂದು ಕಡೆಗೆ ವಾಲಿದೆಯೆ? ತೆರೆಯುವಾಗ ನೆಲಕ್ಕೆ ಉಜ್ಜುತ್ತದೆಯೆ? ಹಳಿಯ ಮೇಲೆ ಸರಿಯುವ ಗೇಟಾದರೆ ಅದು ಹಳಿಯ ಕೊನೆಯಲ್ಲಿ ಜಾರಿ ಬೀಳದಂತೆ ತಡೆ ಇದೆಯೆ? ಇದನ್ನು ದೊಡ್ಡವರು ಬದಿಯಲ್ಲಿ ನಿಂತು ನೋಡತಕ್ಕದ್ದು. ಗೇಟಿನ ಮುಂದೆ ಮಕ್ಕಳನ್ನು ನಿಲ್ಲಿಸಬಾರದು. ಗೋಡೆಯಲ್ಲಿ ಬಿರುಕು, ಹೊರಕ್ಕೆ ಉಬ್ಬಿದ ಭಾಗ, ಕಿತ್ತುಬಂದ ಕಲ್ಲು ಇವುಗಳನ್ನೂ ಗುರುತಿಸಿ. ಮೈದಾನದಲ್ಲಿ ಪ್ರತಿಮೆ, ಕಮಾನು, ಕಲ್ಲಿನ ಬೆಂಚುಗಳಿದ್ದರೆ ಅವು ಅಲುಗಾಡುತ್ತವೆಯೆ ಎಂದು ನೋಡಿ.

2. ನೆಲ: ಪ್ರತಿಯೊಂದು ಆಟದ ಸಲಕರಣೆಯ ಸುತ್ತ ಆರು ಅಡಿಯವರೆಗೆ ಕಲ್ಲು, ಸಿಮೆಂಟಿನ ಅಂಚು, ಬೇರು, ಗೂಟ ಯಾವುದೂ ಇರಬಾರದು. ಮರಳು ಹಾಕಿದ್ದರೆ ಅದು ಕನಿಷ್ಠ ಒಂಬತ್ತು ಅಂಗುಲ ಆಳವಾಗಿರಬೇಕು. ಟೇಪನ್ನು ಚುಚ್ಚಿ ಅಳೆದು ನೋಡಿ. ಉಯ್ಯಾಲೆಯ ಕೆಳಗೆ ಮತ್ತು ಜಾರುಬಂಡೆಯ ತುದಿಯಲ್ಲಿ ಮಕ್ಕಳ ಕಾಲುಗಳು ಮರಳನ್ನು ಆಚೆ ತಳ್ಳಿ ಗಟ್ಟಿನೆಲ ಕಾಣುವುದು ಸಾಮಾನ್ಯ. ಮಳೆಗೆ ನೆನೆದು ಗಟ್ಟಿಕಟ್ಟಿದ ಮರಳನ್ನು ಸಲಿಕೆಯಿಂದ ಸಡಿಲಿಸಬೇಕು. ನಾಯಿ ಬೆಕ್ಕುಗಳ ಹೇಲಿನಿಂದ ಮರಳಿನಲ್ಲಿ ಹುಳುಗಳ ಮೊಟ್ಟೆ ಮರಿಗಳು ಸೇರುವುದರಿಂದ ಅದನ್ನು ದಿನವೂ ತೆಗೆಸುವುದು, ಮಕ್ಕಳಿಗೆ ಆಟದ ನಂತರ ಸಾಬೂನಿನಿಂದ ಕೈ ತೊಳೆಸುವುದು ಅವಶ್ಯಕ. ರಬ್ಬರ್ ಹಾಸು ಇದ್ದರೆ ಬಿಸಿಲಿಗೆ ಕಲ್ಲಿನಂತಾಗಿದೆಯೆ, ಅಂಚು ಎದ್ದು ಕಾಲಿಗೆ ಎಡವುತ್ತದೆಯೆ ಎಂದು ನೋಡಿ.

3. ಉಯ್ಯಾಲೆ: ಸರಪಳಿಯು ಮೇಲಿನ ಕಂಬಿಗೆ ಸೇರುವ ಕೊಂಡಿಯೇ ಮೊದಲು ಸವೆಯುವ ಜಾಗ. ಕೊಂಡಿ ಬಾಯಿ ಬಿಟ್ಟಿದ್ದರೆ ಅಥವಾ ಅರ್ಧ ಸವೆದಿದ್ದರೆ ಆ ಉಯ್ಯಾಲೆಯನ್ನು ಕೂಡಲೇ ನಿಲ್ಲಿಸಬೇಕು. ಹಲಗೆ ಮರದ್ದೋ ಕಬ್ಬಿಣದ್ದೋ ಆಗಿದ್ದರೆ ಎದುರು ಬಂದ ಮಗುವಿನ ಹಣೆಗೆ ಅದು ಸುತ್ತಿಗೆಯಂತೆ ತಾಗುತ್ತದೆ; ರಬ್ಬರಿನ ಆಸನವೇ ಉತ್ತಮ. ಒಂದು ಚೌಕಟ್ಟಿನಲ್ಲಿ ಎರಡಕ್ಕಿಂತ ಹೆಚ್ಚು ಉಯ್ಯಾಲೆಗಳಿರಬಾರದು. ಎರಡರ ನಡುವೆ ಎರಡು ಅಡಿಯಾದರೂ ಅಂತರವಿರಬೇಕು. ಉಯ್ಯಾಲೆ ತೂಗುಹಾಕಿದ ಕಂಬಿಯು ನೆಲದಿಂದ ಎಂಟು ಅಡಿ ಎತ್ತರವಿದ್ದರೆ ಅದರ ಮುಂದೆ ಹದಿನಾರು ಅಡಿ, ಹಿಂದೆ ಹದಿನಾರು ಅಡಿ ಜಾಗ ಬಿಟ್ಟಿರಬೇಕು. ಬಹುಪಾಲು ಚಿಕ್ಕ ಉದ್ಯಾನಗಳಲ್ಲಿ ನಡೆದಾಡುವ ದಾರಿಯೇ ಈ ಜಾಗದೊಳಗೆ ಹಾದುಹೋಗಿರುವುದನ್ನು ಕಾಣುವಿರಿ.

4. ಜಾರುಬಂಡೆ: ಲೋಹದ ತಗಡು ಕಿತ್ತು ಅಂಚು ಹರಿತವಾಗಿದೆಯೆ? ಪ್ಲಾಸ್ಟಿಕ್ಕಿನದಾದರೆ ಸೀಳಿದೆಯೆ? ಮೆಟ್ಟಿಲು ಮುರಿದಿದೆಯೆ? ಮೇಲಿನ ಅಟ್ಟಣಿಗೆಯು 30 ಅಂಗುಲಕ್ಕಿಂತ ಎತ್ತರವಿದ್ದರೆ ಸುತ್ತ ತಡೆಗಂಬಿ ಇರಲೇಬೇಕು. ಜಾರುವ ದಾರಿಯ ಎರಡು ಬದಿಗಳಲ್ಲೂ ನಾಲ್ಕು ಅಂಗುಲ ಎತ್ತರದ ಅಂಚು ಇರಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನ ತಗಡು ಕಾದು ಎಳೆಯ ಚರ್ಮವನ್ನು ಸುಡುತ್ತದೆ. ಅಂಗೈಯ ಹಿಂಭಾಗವನ್ನು ಐದು ಸೆಕೆಂಡು ಒತ್ತಿಟ್ಟುಕೊಳ್ಳಲು ನಿಮಗೆ ಆಗದಿದ್ದರೆ ಮಗುವನ್ನು ಅದರ ಮೇಲೆ ಬಿಡಬೇಡಿ. ಎಳೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರುವುದು ಸಲ್ಲದು. ಮಗುವಿನ ಪಾದ ಬದಿಗೆ ಸಿಕ್ಕಿಕೊಂಡಾಗ ದೊಡ್ಡವರ ಭಾರವೂ ಸೇರಿ ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತದೆ.

5. ಕಂಬಿಗಳ ನಡುವಿನ ಸಂದು: ಇದು ಹೆಚ್ಚಿನವರಿಗೆ ತಿಳಿಯದ ಅಪಾಯ. ಏಣಿ, ತಡೆಗಂಬಿ, ಹತ್ತುವ ಚೌಕಟ್ಟು ಇವುಗಳಲ್ಲಿ ಎರಡು ಕಂಬಿಗಳ ನಡುವಿನ ಸಂದು ಮೂರೂವರೆ ಅಂಗುಲಕ್ಕಿಂತ ಕಿರಿದಾಗಿರಬೇಕು, ಇಲ್ಲವೆ ಒಂಬತ್ತು ಅಂಗುಲಕ್ಕಿಂತ ಅಗಲವಾಗಿರಬೇಕು. ಇವೆರಡರ ನಡುವಿನ ಅಳತೆಯ ಸಂದಿನಲ್ಲಿ ಮಗುವು ಕಾಲು ಮುಂದಾಗಿ ನುಸುಳಿದರೆ ಮೈ ದಾಟುತ್ತದೆ, ತಲೆ ದಾಟುವುದಿಲ್ಲ. ಮಗು ಕತ್ತಿನಿಂದ ನೇತಾಡುತ್ತದೆ. ಉಸಿರು ನಿಲ್ಲಲು ಕೆಲವೇ ನಿಮಿಷ ಸಾಕು. ಸಂದಿನಲ್ಲಿ ಟೇಪು ಹಿಡಿದು ನೋಡುವುದಕ್ಕೆ ಅರೆ ನಿಮಿಷವೂ ಬೇಡ.

6. ತಿರುಗುವ ಚಕ್ರ, ಸೀಸಾ, ವ್ಯಾಯಾಮದ ಯಂತ್ರ: ಚಕ್ರದ ತಳ ಮತ್ತು ನೆಲದ ನಡುವೆ ಕಾಲು ಸಿಕ್ಕುವಂತಿದೆಯೆ ನೋಡಿ. ಸೀಸಾದ ಎರಡು ತುದಿಗಳಲ್ಲೂ ಹಿಡಿಕೆ ಇರಬೇಕು. ಅದರ ಅಡಿಯಲ್ಲಿ ಹೂಳಿದ ಹಳೆಯ ಟಯರು ಪೆಟ್ಟನ್ನು ತಗ್ಗಿಸುತ್ತದೆಯಾದರೂ ಒಳಗೆ ಮಳೆನೀರು ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಅದು ತೊಟ್ಟಿಲಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆದ್ದರಿಂದ ಟಯರಿನ ಅಡಿಯಲ್ಲಿ ರಂಧ್ರ ಕೊರೆಸಬೇಕು ಅಥವಾ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ದೊಡ್ಡವರಿಗಾಗಿ ಇಟ್ಟಿರುವ ಬಯಲು ವ್ಯಾಯಾಮದ ಯಂತ್ರಗಳಲ್ಲಿ ಮಕ್ಕಳ ಬೆರಳು ನಜ್ಜಾಗುವ ಸಂದುಗಳಿರುತ್ತವೆ. ಅವುಗಳ ಬಳಿ ಮಕ್ಕಳು ಆಡದಂತೆ ಫಲಕ ಮತ್ತು ಬೇಲಿ ಕೇಳಿ ಪಡೆಯಬೇಕು.

7. ವಿದ್ಯುತ್: 2023ರ ನವೆಂಬರ್‌ನಲ್ಲಿ ನಗರದ ಪೂರ್ವಭಾಗದ ಕಾಡುಗೋಡಿಯಲ್ಲಿ, ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ತಾಯಿ ಮತ್ತು ಆಕೆಯ ಎಳೆಗೂಸು ಪ್ರಾಣ ಕಳೆದುಕೊಂಡರು. ಮೈದಾನದಲ್ಲಿ ದೀಪದ ಕಂಬದ ಬುಡದ ಮುಚ್ಚಳ ತೆರೆದಿದ್ದರೆ, ಅಲಂಕಾರ ದೀಪದ ತಂತಿ ಹುಲ್ಲಿನಲ್ಲಿ ಬಿದ್ದಿದ್ದರೆ, ಪಂಪಿನ ಪೆಟ್ಟಿಗೆಗೆ ಬೀಗವಿಲ್ಲದಿದ್ದರೆ ಮುಟ್ಟಿ ಪರೀಕ್ಷಿಸುವ ಸಾಹಸ ಬೇಡ. ದೂರ ನಿಂತು ಇತರರನ್ನು ತಡೆದು ಕೂಡಲೇ ಬೆಸ್ಕಾಂ ಸಂಸ್ಥೆಯ 1912 ಸಂಖ್ಯೆಗೆ ಕರೆ ಮಾಡಿ. ಒದ್ದೆಯಾದ ಕಂಬಕ್ಕೆ ಒರಗಿ ನಿಲ್ಲಬಾರದೆಂದು ಮಕ್ಕಳಿಗೆ ಕಲಿಸಿ.

8. ಗುಂಡಿ, ಸಂಪು, ಕೊಳವೆಬಾವಿ: ಮುಚ್ಚಳವಿಲ್ಲದ ಸಂಪು, ಒಡೆದ ಚರಂಡಿ ಚಪ್ಪಡಿ, ಕಾಮಗಾರಿಗೆ ತೋಡಿ ಬಿಟ್ಟ ಗುಂಡಿಗಳಲ್ಲಿ ಮಳೆನೀರು ತುಂಬಿದರೆ ಆಳವೇ ತಿಳಿಯುವುದಿಲ್ಲ. ಎಳೆಯ ಮಗು ಮುಳುಗಲು ಮೊಣಕಾಲುದ್ದ ನೀರೂ ಬೇಡ. ಕೈಬಿಟ್ಟ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ನಿರ್ದೇಶನ ನೀಡಿದೆ.

9. ಮರಗಳು: ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿಗೆ ಗುಲ್‌ಮೊಹರ್, ಮಳೆಮರಗಳ ಕೊಂಬೆಗಳು ಮುರಿದು ಬೀಳುತ್ತವೆ. ಒಣಕೊಂಬೆ, ಟೊಳ್ಳುಬಿದ್ದ ಕಾಂಡ, ಬೇರು ಕಿತ್ತು ವಾಲಿದ ಮರ ಇವುಗಳನ್ನು ಮಳೆಗಾಲಕ್ಕೆ ಮೊದಲೇ ತಿಳಿಸಬೇಕು. ಗಾಳಿ ಏಳುತ್ತಲೇ ಮಕ್ಕಳನ್ನು ಮರದಡಿಯಿಂದ ಕರೆತನ್ನಿ.

ಉಡುಪಿನ ಬಗ್ಗೆಯೂ ಒಂದು ಮಾತು. ದುಪಟ್ಟಾ, ಕೊರಳಿನ ತಾಯಿತದ ದಾರ, ಟೋಪಿಯ ಲಾಡಿ ಇವು ಜಾರುಬಂಡೆಯ ತುದಿಗೋ ತಿರುಗುವ ಚಕ್ರಕ್ಕೋ ಸಿಕ್ಕಿ ಕುತ್ತಿಗೆಯನ್ನು ಬಿಗಿಯುತ್ತವೆ. ಆಟಕ್ಕೆ ಹೋಗುವಾಗ ದುಪಟ್ಟಾವನ್ನು ಮನೆಯಲ್ಲಿಡಲು ಹೇಳಿ. ಇಡಲಾಗದಿದ್ದರೆ ಎರಡು ತುದಿಗಳನ್ನೂ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿ. ಇದೇ ನೆಪದಿಂದ ಹೆಣ್ಣುಮಕ್ಕಳನ್ನು ಆಟದಿಂದ ದೂರವಿಡುವುದು ಮಾತ್ರ ಯಾವ ರೀತಿಯಿಂದಲೂ ಸರಿಯಲ್ಲ.

ದೂರು ನೀಡುವ ಕ್ರಮ

ಕಂಡ ಕುಂದುಗಳನ್ನು ಎರಡು ಭಾಗ ಮಾಡಿ. ಇಂದೇ ಪ್ರಾಣಕ್ಕೆ ಎರವಾಗಬಲ್ಲವು ಮೊದಲನೆಯವು: ವಾಲಿದ ಗೇಟು, ತೆರೆದ ತಂತಿ, ಮುಚ್ಚಳವಿಲ್ಲದ ಗುಂಡಿ, ತುಂಡಾಗುವಂತಿರುವ ಸರಪಳಿ, ತಲೆ ಸಿಕ್ಕುವ ಸಂದು. ಇವನ್ನು ಅದೇ ದಿನ ದೂರವಾಣಿಯ ಮೂಲಕ ತಿಳಿಸಿ, ನಂತರ ಬರವಣಿಗೆಯಲ್ಲಿ ಕೊಡಬೇಕು. ಸವೆದ ಮರಳು, ಕಿತ್ತ ಬಣ್ಣ, ಮುರಿದ ಬೆಂಚು ಮುಂತಾದವು ಎರಡನೆಯವು. ಇವಕ್ಕೆ ಪತ್ರವೊಂದೇ ಸಾಕು.

ಪಾಲಿಕೆಯ ಮೈದಾನಗಳ ಬಗ್ಗೆ 1533 ಸಹಾಯವಾಣಿಗೆ ಕರೆ ಮಾಡಬಹುದು. ಕರೆ ಮಾಡಿದಾಗ ದೂರಿನ ಸಂಖ್ಯೆಯನ್ನು ತಪ್ಪದೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ದೂರು ಗಾಳಿಗೆ ಹೇಳಿದ ಮಾತಿನಂತೆ. ಒಳಚರಂಡಿ, ನೀರಿನ ಕೊಳವೆಯ ವಿಷಯಕ್ಕೆ ಜಲಮಂಡಳಿಯ 1916, ವಿದ್ಯುತ್ತಿಗೆ 1912 ಸಂಖ್ಯೆಗಳಿವೆ. ಗಿಡ, ಆಟದ ಸಲಕರಣೆಗಳ ವಿಷಯವನ್ನು ಪಾಲಿಕೆಯ ತೋಟಗಾರಿಕಾ ವಿಭಾಗಕ್ಕೂ, ಗೇಟು, ಗೋಡೆ, ಚರಂಡಿಗಳ ವಿಷಯವನ್ನು ವಾರ್ಡಿನ ಇಂಜಿನಿಯರರಿಗೂ ಬರೆಯಿರಿ. ಯಾರಿಗೆ ಎಂದು ಸಂದೇಹವಿದ್ದರೆ ಒಂದೇ ಪತ್ರದ ಪ್ರತಿಗಳನ್ನು ಇಬ್ಬರಿಗೂ ಕೊಡಿ. "ಇದು ನಮ್ಮ ವಿಭಾಗದ್ದಲ್ಲ" ಎಂಬ ಉತ್ತರಕ್ಕೆ ಆಗ ಅವಕಾಶವಿರುವುದಿಲ್ಲ. ಶಾಲೆ, ದತ್ತಿ ಅಥವಾ ಸೇನೆಯ ಮೈದಾನವಾದರೆ ಅಲ್ಲಿನ ಮುಖ್ಯಸ್ಥರಿಗೆ ಬರೆಯತಕ್ಕದ್ದು.

ದೂರು ಹೇಗಿರಬೇಕು? "ಮೈದಾನ ತುಂಬಾ ಹಾಳಾಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದು ಬರೆದರೆ ಓದಿದವರಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

"ಮಾನ್ಯರೆ, ಇಂತಹ ವಾರ್ಡಿನ ಇಂತಹ ರಸ್ತೆಯ ಆಟದ ಮೈದಾನದಲ್ಲಿ, ಪೂರ್ವದ ಗೇಟಿನಿಂದ ಹತ್ತು ಹೆಜ್ಜೆ ದೂರದ ಉಯ್ಯಾಲೆಯ ಎಡಗಡೆಯ ಕೊಂಡಿ ಅರ್ಧಕ್ಕಿಂತ ಹೆಚ್ಚು ಸವೆದಿದೆ. ಕೆಳಗೆ ಸಿಮೆಂಟಿನ ನೆಲವಿದೆ. ದಿನವೂ ಸಂಜೆ ಸುಮಾರು ಇಷ್ಟು ಮಕ್ಕಳು ಇಲ್ಲಿ ಆಡುತ್ತಾರೆ. ಕೊಂಡಿಯನ್ನು ಬದಲಾಯಿಸುವವರೆಗೆ ಉಯ್ಯಾಲೆಯನ್ನು ಬಿಚ್ಚಿಸಬೇಕೆಂದೂ, ಸಿಮೆಂಟಿನ ನೆಲವನ್ನು ತೆಗೆಸಿ ಮರಳು ಹಾಕಿಸಬೇಕೆಂದೂ ಕೋರುತ್ತೇವೆ. ಇಂತಹ ದಿನಾಂಕದಂದು ತೆಗೆದ ಎರಡು ಚಿತ್ರಗಳನ್ನು ಲಗತ್ತಿಸಿದೆ. ದೂರವಾಣಿ ದೂರಿನ ಸಂಖ್ಯೆ ಇಂತಿಷ್ಟು."

ಸ್ಥಳ, ಕುಂದು, ಅಳತೆ, ದಿನಾಂಕ, ಬೇಕಾದ ಕ್ರಮ ಈ ಐದೂ ಇರುವ ಪತ್ರವು ಅರ್ಧ ಕೆಲಸವನ್ನು ತಾನೇ ಮುಗಿಸಿರುತ್ತದೆ. ಚಿತ್ರ ತೆಗೆಯುವಾಗ ಒಂದು ದೂರದಿಂದ, ಒಂದು ಹತ್ತಿರದಿಂದ ಇರಲಿ; ಮಕ್ಕಳ ಮುಖ ಬೀಳದಿರಲಿ. ನಾಲ್ಕಾರು ಮನೆಯವರು ಸಹಿ ಹಾಕಲಿ. ಕಚೇರಿಯಲ್ಲಿ ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಒಂದು ವಾರದಲ್ಲಿ ಕೆಲಸ ಆರಂಭವಾಗದಿದ್ದರೆ ಹಿಂದಿನ ಸಂಖ್ಯೆಯನ್ನು ಉಲ್ಲೇಖಿಸಿ ಮೇಲಧಿಕಾರಿಗೆ ನೆನಪಿನ ಪತ್ರ ಬರೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ದೂರಿನ ಮೇಲೆ ಯಾವ ಕ್ರಮ ಕೈಗೊಳ್ಳಲಾಯಿತು, ಈ ಮೈದಾನದ ಸಲಕರಣೆಗಳನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಲಾಯಿತು, ನಿರ್ವಹಣೆಯ ಗುತ್ತಿಗೆ ಯಾರಿಗಿದೆ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ಮೈದಾನವನ್ನೇ ಬೇರೆ ಕೆಲಸಕ್ಕೆ ಬಳಸುವ ಪ್ರಯತ್ನ ಕಂಡುಬಂದರೆ, ಉದ್ಯಾನ ಮತ್ತು ಆಟದ ಬಯಲುಗಳ ಸಂರಕ್ಷಣೆಗಾಗಿ ನಮ್ಮ ರಾಜ್ಯದಲ್ಲಿ 1985ರ ಅಧಿನಿಯಮವೊಂದು ಇದೆಯೆಂಬುದನ್ನು ನೆನಪಿಡಿ.

ದುರಸ್ತಿಯಾಗುವವರೆಗೆ

ದೂರು ಕೊಟ್ಟ ದಿನವೇ ದುರಸ್ತಿಯಾಗುವುದಿಲ್ಲ; ಮಕ್ಕಳು ಮಾತ್ರ ಅದೇ ಸಂಜೆ ಆಟಕ್ಕೆ ಬರುತ್ತಾರೆ. ಈ ನಡುವಿನ ದಿನಗಳೇ ಅಪಾಯದ ದಿನಗಳು. ಮಾಲಿಗೆ ಹೇಳಿ ಕೆಟ್ಟ ಉಯ್ಯಾಲೆಯ ಸರಪಳಿಯನ್ನು ಮೇಲಿನ ಕಂಬಿಗೆ ಸುತ್ತಿಸಿ ಕಟ್ಟಿಸಿ. ಗುಂಡಿಯ ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗುಬಿಡಿ. ಬೀಳುವಂತಿರುವ ಗೇಟನ್ನು ಸರಪಳಿಯಿಂದ ಕಂಬಕ್ಕೆ ಬಿಗಿಸಿ, ಬೇರೆ ದಾರಿಯಿಂದ ಒಳಬರುವಂತೆ ಮಾಡಿ. ಆಟದ ಹೊತ್ತಿನಲ್ಲಿ ಒಬ್ಬರು ಹಿರಿಯರು ಸರದಿಯಂತೆ ಅಲ್ಲಿರಲಿ.

ಮೈದಾನಕ್ಕೇ ಬೀಗ ಹಾಕಿಬಿಡುವುದು ಸುಲಭವಾದ ಉಪಾಯವೆಂದು ಕೆಲವರಿಗೆ ತೋರಬಹುದು. ಇದು ಸರಿಯಲ್ಲ. ಶಿವಾಜಿನಗರ, ಹಲಸೂರಿನಂತಹ ಕಿಕ್ಕಿರಿದ ಕೇರಿಗಳಲ್ಲಿ ಮನೆಯೊಳಗೆ ಕಾಲು ಚಾಚಲೂ ಜಾಗವಿಲ್ಲ. ಮೈದಾನ ಮುಚ್ಚಿದರೆ ಮಕ್ಕಳು ಆಟ ನಿಲ್ಲಿಸುವುದಿಲ್ಲ. ಆಟೋ, ಬಸ್ಸು, ಲಾರಿಗಳು ಓಡುವ ರಸ್ತೆಗೆ ಇಳಿಯುತ್ತಾರೆ. ಕೆಟ್ಟ ಸಲಕರಣೆಯೊಂದನ್ನು ಕಟ್ಟಿಹಾಕಿ, ಉಳಿದ ಮೈದಾನವನ್ನು ತೆರೆದಿಡುವುದೇ ವಿವೇಕ.

ಪೆಟ್ಟು ಬಿದ್ದರೆ

ಕೈ ಊರಿ ಬಿದ್ದ ಮಗುವಿನ ಮೊಣಕೈ ಮೇಲಿನ ಮೂಳೆ ಮುರಿಯುವುದು ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಸಾಮಾನ್ಯ. ಕೈಯನ್ನು ಎಳೆಯದೆ, ತಿಕ್ಕದೆ, ಎಣ್ಣೆ ಹಚ್ಚದೆ, ಇರುವ ಭಂಗಿಯಲ್ಲೇ ಮೆತ್ತನೆಯ ಬಟ್ಟೆಯಿಂದ ಆಧಾರ ಕೊಟ್ಟು ಆಸ್ಪತ್ರೆಗೆ ಕರೆತನ್ನಿ. ನಾಟಿ ಮೂಳೆ ಕಟ್ಟುವವರ ಬಳಿ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸುವ ರೂಢಿ ಇನ್ನೂ ಇದೆ. ಮೊಣಕೈಯ ಮುಂದೆ ಹಾದುಹೋಗುವ ರಕ್ತನಾಳವು ಅದುಮಿಹೋಗಿ ಆರು ಗಂಟೆಗಳಷ್ಟು ಕಾಲ ರಕ್ತ ಹರಿಯದಿದ್ದರೆ ಮುಂಗೈಯ ಮಾಂಸಖಂಡಗಳು ಸತ್ತು ಬೆರಳುಗಳು ಶಾಶ್ವತವಾಗಿ ಮುದುಡಿಹೋಗುತ್ತವೆ. ಕಟ್ಟು ಆಸ್ಪತ್ರೆಯದೇ ಆಗಿದ್ದರೂ ಬೆರಳು ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ, ನೋವು ತಡೆಯಲಾರದಷ್ಟಾದರೆ ರಾತ್ರಿಯಾದರೂ ಕೂಡಲೇ ವೈದ್ಯರಿಗೆ ತೋರಿಸಿ.

ತಲೆಗೆ ಪೆಟ್ಟಾದಾಗ ಎಚ್ಚರ ತಪ್ಪುವುದು, ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳವು, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಸುರಿಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ಮೊದಲು ಚೆನ್ನಾಗಿದ್ದ ಮಗುವಿನಲ್ಲಿ ಕೆಲವು ಗಂಟೆಗಳ ನಂತರ ಈ ಲಕ್ಷಣಗಳು ತೋರಬಹುದಾದ್ದರಿಂದ ಒಂದು ದಿನವಾದರೂ ಕಣ್ಣಿಟ್ಟಿರಬೇಕು. ಕುತ್ತಿಗೆಗೆ ಅಥವಾ ಬೆನ್ನಿಗೆ ಪೆಟ್ಟಾದ ಸಂದೇಹವಿದ್ದರೆ ಮಗುವನ್ನು ಎತ್ತಿ ಅಲುಗಾಡಿಸಬಾರದು.

ತುಕ್ಕು ಹಿಡಿದ ಕಬ್ಬಿಣ ಚುಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯಿರಿ. ಸಗಣಿ, ಬೂದಿ, ಸುಣ್ಣ ಹಚ್ಚಬೇಡಿ. ಒಂದೂವರೆಯಿಂದ ಎರಡು ವರ್ಷದೊಳಗೆ, ಐದಾರನೆಯ ವರ್ಷದಲ್ಲಿ, ಮತ್ತೆ ಹತ್ತು ಹಾಗೂ ಹದಿನಾರನೆಯ ವಯಸ್ಸಿನಲ್ಲಿ ಕೊಡುವ ಧನುರ್ವಾಯು ನಿರೋಧಕ ಲಸಿಕೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಗಾಯವಾದ ಮಗುವಿನ ಲಸಿಕೆಯ ಕಾರ್ಡನ್ನು ಆಸ್ಪತ್ರೆಗೆ ಜೊತೆಯಲ್ಲಿ ತನ್ನಿ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಇವು ಈ ಭಾಗದ ಸರ್ಕಾರಿ ಆಸ್ಪತ್ರೆಗಳು. ತಲೆಯ ತೀವ್ರ ಪೆಟ್ಟಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಸೌಲಭ್ಯವಿದೆ. ಗಾಯವಾದ ಬಳಿಕ ಅದಕ್ಕೆ ಕಾರಣವಾದ ಸಲಕರಣೆಯ ಬಗ್ಗೆಯೂ ಅಂದೇ ದೂರು ಬರೆಯಿರಿ. ಒಂದು ಮಗುವಿಗೆ ಆದದ್ದು ಇನ್ನೊಂದಕ್ಕೆ ಆಗಬಾರದು.

ಹುಟ್ಟಿದ ಮಕ್ಕಳೆಲ್ಲರೂ ಆರೋಗ್ಯವಂತರಾಗಿ ಬೆಳೆದು ದೊಡ್ಡವರಾಗಬೇಕೆಂಬುದೇ ಕುಟುಂಬ ಕಲ್ಯಾಣದ ತಿರುಳು. ಒಂದೋ ಎರಡೋ ಮಕ್ಕಳಿರುವ ಮನೆಯಲ್ಲಿ ಒಂದು ಮಗುವಿಗೆ ಆದ ಅಂಗವೈಕಲ್ಯವು ಇಡೀ ಸಂಸಾರದ ದಿಕ್ಕನ್ನೇ ಬದಲಿಸಬಲ್ಲುದು. ಮೈದಾನವನ್ನು ಸುಸ್ಥಿತಿಯಲ್ಲಿಡುವುದು ಪಾಲಿಕೆಯ ಕರ್ತವ್ಯವೆಂಬುದು ನಿಜ. ಆದರೆ ದಿನವೂ ಆ ಗೇಟಿನ ಮೂಲಕ ಹಾದುಹೋಗುವವರು ಅಲ್ಲಿನ ನಿವಾಸಿಗಳು. ತುಕ್ಕು ಮೊದಲು ಕಾಣುವುದೂ ಅವರಿಗೇ. ಬರುವ ತಿಂಗಳ ಮೊದಲನೆಯ ಭಾನುವಾರ ಒಂದು ಟೇಪನ್ನು ಕೈಯಲ್ಲಿ ಹಿಡಿದು, ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಮಕ್ಕಳು ಆಡುವ ಮೈದಾನವನ್ನು ಒಮ್ಮೆ ಸುತ್ತಿ ಬನ್ನಿ. ಕಂಡದ್ದನ್ನು ಅಂದೇ ಬರೆದು ಕಳುಹಿಸಿ.